ಅತ್ತೆ ಬಿಟ್ಟ ಆರನೆಯ ಚುನಾವಣೆ

ನಮ್ಮ ಸೋದರತ್ತೆಯ ಎದುರು ಬಾಯಿತಪ್ಪಿಯೂ 'ಚುನಾವಣೆ' ಎನ್ನಬಾರದು. ಅಂದಿರೋ, ಆ ದಿನದ ನಿಮ್ಮ ಕೆಲಸ ಕೆಟ್ಟಿತೆಂದೇ ತಿಳಿಯಿರಿ! ಲಂಡನ್ನಿನ ಹ್ಯಾರೋದಲ್ಲಿ, ಮಗಳ ಮನೆಯ ಸೋಫಾದ ಮೇಲೆ ಕಾಲು ಮಡಚಿ ಕೂತು, ವಿಜಾಪುರ ಜಿಲ್ಲೆಯ ನಮ್ಮ ಹಳ್ಳಿಗಾಡಿನ ಮತಕ್ಷೇತ್ರದ ಇತಿಹಾಸವನ್ನು ಮೊಟ್ಟಮೊದಲ ಚುನಾವಣೆಯಿಂದ ಶುರುಮಾಡಿಬಿಡುತ್ತಾರೆ. ಯಾರು ನಿಂತರು, ಯಾರು ಕಡೆಯ ಗಳಿಗೆಯಲ್ಲಿ ನಾಮಪತ್ರ ಹಿಂತೆಗೆದುಕೊಂಡರು, ಯಾವ ಊರಿನ ಪೆಟ್ಟಿಗೆ ಯಾರನ್ನು ಮುಳುಗಿಸಿತು, ಎಲ್ಲ ಬಾಯಿಪಾಠ. ನನಗೋ ನನ್ನ ಮದುವೆಯ ತಾರೀಖು ಕೂಡ ನೆಟ್ಟಗೆ ನೆನಪಿರುವುದಿಲ್ಲ!

ಅತ್ತೆ ಊರಲ್ಲಿ ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ ಆಗಿದ್ದವರು. ಚುನಾವಣೆ ಬಂದರೆ ಶಾಲೆಯ ಮಾಸ್ತರರಿಗೆ ಮತಗಟ್ಟೆಯ ಡ್ಯೂಟಿ ಬೀಳುತ್ತದಲ್ಲ, ಉಳಿದವರೆಲ್ಲ ಜ್ವರ, ಹೊಟ್ಟೆನೋವು, ಅತ್ತೆಮನೆಯ ಸಾವು ಎಂದು ಅರ್ಜಿ ಬರೆಯುತ್ತಿದ್ದರೆ ಇವರು ಮಾತ್ರ ಕುಂಕುಮ ಕೊಟ್ಟು ಕರೆಸಿಕೊಂಡವರಂತೆ ಹೊರಡುತ್ತಿದ್ದರಂತೆ. ತೊಂಬತ್ತರ ದಶಕದಲ್ಲಿ ನಿವೃತ್ತರಾಗಿ ಮಗಳ ಹತ್ತಿರ ಬಂದರು. ನನ್ನ ಮನೆ ಅಲ್ಲಿಂದ ಎರಡೇ ಬೀದಿ ಆಚೆ. ಹೀಗಾಗಿ ಇತಿಹಾಸದ ಹೊಡೆತ ನನಗೂ ವಾರಕ್ಕೆರಡು ಸಲ ಬೀಳುತ್ತಿತ್ತು.

ಅವರ ಇತಿಹಾಸ ರುಚಿಯಾಗಿರುತ್ತಿತ್ತು ಎಂಬುದನ್ನು ಒಪ್ಪಬೇಕು. ಎರಡನೆಯ ಚುನಾವಣೆಯಲ್ಲಿ ಬಾವಿ ತೋಡಿಸುತ್ತೇನೆಂದು ಒಬ್ಬ ಗೆದ್ದ. ಮೂರನೆಯದರಲ್ಲಿ ಆ ಬಾವಿ ಎಲ್ಲಿದೆ ಎಂದು ಕೇಳಿ ಇನ್ನೊಬ್ಬ ಗೆದ್ದ. ನಾಲ್ಕನೆಯದಕ್ಕೆ ಮೊದಲಿನವನೇ ಬಂದು, ಬಾವಿ ಬೇಡ, ಹೊಳೆಯ ನೀರನ್ನೇ ತರಿಸುತ್ತೇನೆ ಎಂದು ಮತ್ತೆ ಗೆದ್ದ! ಐದನೆಯದರಲ್ಲಿ ಭಾವ ಮೈದುನರಿಬ್ಬರೂ ಎದುರುಬದುರು ನಿಂತರು. ಒಬ್ಬನ ಹೆಂಡತಿ ಇನ್ನೊಬ್ಬನ ತಂಗಿಯಲ್ಲವೇ? ಆಕೆಯ ಮತ ಯಾರಿಗೆ ಬಿತ್ತೆಂದು ಊರಿಗೆ ಊರೇ ತಲೆ ಕೆಡಿಸಿಕೊಂಡಿತು. ಆಕೆಯ ಬೆರಳಿಗೆ ಶಾಯಿ ಹಚ್ಚಿದವರು ನಮ್ಮತ್ತೆಯೇ. ಆದರೆ ಕೇಳಿದರೆ, "ಮತ ಗುಪ್ತ" ಎಂದು ತುಟಿ ಬಿಗಿಯುತ್ತಿದ್ದರು.

ಒಮ್ಮೆ ಅತ್ತೆಯ ಮೊಮ್ಮಗಳ ಹುಟ್ಟುಹಬ್ಬಕ್ಕೆ ಬೆಂಗಳೂರಿನ ಐಟಿ ಹುಡುಗನೊಬ್ಬ ಬಂದಿದ್ದ. ಪಾಪ, ಮರ್ಯಾದೆಗೆಂದು ಅತ್ತೆಯ ಪಕ್ಕ ಕೂತು, "ಆಂಟಿ, ನಿಮ್ಮ ಕಡೆ ಪಾಲಿಟಿಕ್ಸ್ ಹೇಗೆ?" ಎಂದುಬಿಟ್ಟ. ಕೇಕ್ ಕತ್ತರಿಸುವ ಹೊತ್ತಿಗೆ ಮೂರು ಚುನಾವಣೆ ಮುಗಿದಿದ್ದವು. ಉಳಿದವನ್ನು ಊಟದ ನಂತರ ಹೇಳುವುದಾಗಿ ಅತ್ತೆ ಅಭಯ ಕೊಟ್ಟರು. ಹುಡುಗ ಊಟಕ್ಕೇ ನಿಲ್ಲಲಿಲ್ಲ.

ಈ ಪಾರಾಯಣದಲ್ಲಿ ಒಂದೇ ಒಂದು ಕೊರತೆ. ಐದನೆಯದು ಮುಗಿದ ಮೇಲೆ ಅತ್ತೆ ನೇರವಾಗಿ ಏಳನೆಯದಕ್ಕೆ ಹಾರುತ್ತಿದ್ದರು. ಆರನೆಯದು ಎಲ್ಲಿ ಹೋಯಿತೆಂದು ನಾನು ಕೆಣಕಿದರೆ, "ಅದರಾಗ ಹೇಳೂವಂಥಾದ್ದು ಏನೂ ಇಲ್ಲ" ಎನ್ನುತ್ತಿದ್ದರು. ಆರನೆಯ ಚುನಾವಣೆಯನ್ನು ಅತ್ತೆ ರೊಟ್ಟಿಯ ಜೊತೆ ತಿಂದುಬಿಟ್ಟಿದ್ದಾರೆ ಎಂದು ನಾವೆಲ್ಲ ನಗುತ್ತಿದ್ದೆವು.

ಭಾರತದ ಪಾಸ್‌ಪೋರ್ಟ್ ಇದ್ದವರೂ ಇಲ್ಲಿ ಮತ ಹಾಕಬಹುದು ಎಂದು ತಿಳಿದ ದಿನ ಅತ್ತೆಗೆ ನಿದ್ದೆ ಬರಲಿಲ್ಲ. ಮೊದಲ ಸಲ ಅವರನ್ನು ನಾನೇ ಕರೆದುಕೊಂಡು ಹೋದೆ. ಮತಗಟ್ಟೆ ಇದ್ದದ್ದು ಪುಟ್ಟ ಮಕ್ಕಳ ಶಾಲೆಯ ಹಾಲ್‌ನಲ್ಲಿ. ಅತ್ತೆ ಮತ ಹಾಕಲು ಬಂದವರಂತೆ ಕಾಣಲಿಲ್ಲ, ತಪಾಸಣೆಗೆ ಬಂದವರಂತೆ ಕಂಡರು! ಪೊಲೀಸ್ ಎಲ್ಲಿ? ಶಾಯಿ ಎಲ್ಲಿ? ಪೆಟ್ಟಿಗೆಗೆ ಅರಗಿನ ಮುದ್ರೆ ಎಲ್ಲಿ? ಎಲ್ಲಕ್ಕಿಂತ ಹೆಚ್ಚಾಗಿ, ದಾರದಲ್ಲಿ ಕಟ್ಟಿ ನೇತುಹಾಕಿದ ಆ ಪೆನ್ಸಿಲ್ ಕಂಡು ಅವರ ಜೀವ ಹೋಯಿತು. ಪೆನ್ಸಿಲಿನಲ್ಲಿ ಬರೆದದ್ದನ್ನು ಯಾರಾದರೂ ರಬ್ಬರ್ ಹಾಕಿ ಅಳಿಸಿದರೆ?

ಹೊರಗೆ ಬಂದವರು ನೆಮ್ಮದಿಯಾಗಿ ಹೇಳಿದರು, ತಾವು ರೈಟ್ ಮಾರ್ಕ್ ಹಾಕಿದ್ದಾಗಿ. ಸೂಚನೆ ಓದಲಿಲ್ಲವೇ ಎಂದು ಕೇಳಿದೆ. ಇಲ್ಲಿ ಬೇಕಾದವರ ಹೆಸರಿನ ಮುಂದೆ ಇಂಟು ಮಾರ್ಕ್ ಹಾಕಬೇಕು. ಗೋಡೆಯ ಮೇಲೆ ಅಷ್ಟು ದೊಡ್ಡದಾಗಿ ಬರೆದಿತ್ತಲ್ಲ!

"ಓದೀನಿ," ಎಂದರು ಅತ್ತೆ. "ಮೂವತ್ತೈದು ವರ್ಷ ಪೇಪರ್ ತಿದ್ದೀನಿ ತಮ್ಮಾ. ಬೇಕಾದಾವನ ಹೆಸರಿನ ಮುಂದ ತಪ್ಪು ಹಾಕಲಿಕ್ಕೆ ನನ್ನ ಕೈ ಬರಂಗಿಲ್ಲ."

ಜೀವಮಾನವಿಡೀ ಹಳ್ಳಿಯವರಿಗೆ ಮತ ಅಸಿಂಧುವಾಗದಂತೆ ಪಾಠ ಹೇಳಿದವರ ಮತವೇ ಅಸಿಂಧುವಾದರೆ ಹೇಗೆ? ನಾನು ಮರುದಿನ ಇಲ್ಲಿನ ನಗರಸಭೆಯಂಥ ಕೌನ್ಸಿಲ್‌ಗೆ ಫೋನ್ ಮಾಡಿ ವಿಚಾರಿಸಿದೆ. ಯಾರಿಗೆಂದು ಸ್ಪಷ್ಟವಿದ್ದರೆ ರೈಟೂ ನಡೆಯುತ್ತದಂತೆ. ಅತ್ತೆಗೆ ಹೇಳಿದರೆ, "ನಡೀದ ಏನು ಮಾಡತೈತಿ?" ಎಂದರು.

ಅಂದಿನಿಂದ ಆ ಮತಗಟ್ಟೆ ಅತ್ತೆಯದೇ ಆಯಿತು. ಅಲ್ಲಿನ ಬಿಳಿಗೂದಲಿನ ಅಧಿಕಾರಿ ಹೆಂಗಸು ಅವರಿಗೆ ಸಹೋದ್ಯೋಗಿಯಂತೆ. ಬೆಳಿಗ್ಗೆ ಏಳಕ್ಕೆ ಬಂದು ರಾತ್ರಿ ಹತ್ತರವರೆಗೆ ಕೂರುವ ಜೀವದ ಹೊಟ್ಟೆ ಏನಾಗಬೇಕು? ಪ್ರತಿ ಚುನಾವಣೆಗೂ ಡಬ್ಬಿ ತುಂಬ ಅವಲಕ್ಕಿ ಚೂಡಾ ಹೋಗತೊಡಗಿತು. ಮೊದಲ ವರ್ಷ ಆಕೆ ಖಾರಕ್ಕೆ ಕಣ್ಣೀರು ಹಾಕಿದಳು. ಮೂರನೆಯ ವರ್ಷ ಖಾಲಿ ಡಬ್ಬಿಯನ್ನು ತಾನೇ ತಂದಿದ್ದಳು!

ನಮಗೆ ಮಾತ್ರ ಬಿಡುಗಡೆ ಇರಲಿಲ್ಲ. ಮತದಾನದ ದಿನ ಏಳು ಗಂಟೆಗೇ ಫೋನು: ಹೋದೆಯಾ? ಇನ್ನೂ ಇಲ್ಲವಾ? ಎರಡು ಸಾವಿರದ ನಂತರದ ಒಂದು ವರ್ಷ, ಕೌನ್ಸಿಲ್ ಚುನಾವಣೆ. ಕಸದ ಡಬ್ಬಿ ಹಸಿರೋ ಕಂದೋ ಎಂದು ತೀರ್ಮಾನಿಸುವವರಿಗೆ ನನ್ನ ಮತವೇಕೆ ಎಂದು ನಾನು ಹೌನ್ಸ್ಲೋದಲ್ಲಿ ಆಫೀಸಿನಲ್ಲೇ ಉಳಿದೆ. ಅತ್ತೆ ನಾಲ್ಕು ಸಲ ಫೋನ್ ಮಾಡಿದರು. ಕಡೆಗೆ ಕಾಟ ತಾಳಲಾರದೆ ಹೊರಟರೆ, ಟ್ಯೂಬು ರೈಲು ನಡುದಾರಿಯಲ್ಲಿ ಕಾರಣವಿಲ್ಲದೆ ಇಪ್ಪತ್ತು ನಿಮಿಷ ನಿಂತಿತು.

ನಾನು ಶಾಲೆಯ ಬೀದಿಗೆ ತಿರುಗಿದಾಗ ಹತ್ತಕ್ಕೆ ಮೂರೇ ನಿಮಿಷ ಇತ್ತು. ಕಂಡದ್ದೇನು? ಹಾಲ್‌ನ ಹೊಸ್ತಿಲ ಮೇಲೆ ಅತ್ತೆ, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ, ಬೆನ್ನು ಬಾಗಿಲಿಗೆ ಆನಿಸಿಕೊಂಡು! ಬಿಳಿಗೂದಲಿನ ಹೆಂಗಸು ಗಡಿಯಾರ ನೋಡುತ್ತ ನಿಂತಿದ್ದಳು. ಅತ್ತೆ ಆಕೆಗೆ ಇಂಗ್ಲಿಷಿನಲ್ಲಿ, ಅಗೋ ಅವನ ತಲೆ ಕಾಣುತ್ತಿದೆ, ಬಂದೇ ಬಿಟ್ಟ, ಎನ್ನುತ್ತಿದ್ದರು. ನಾನು ಏದುಸಿರಿನಲ್ಲಿ ಒಳಗೆ ನುಗ್ಗಿ ಯಾರಿಗೋ ಒಂದು ಗುರುತು ಒತ್ತಿ ಬಂದೆ. ಹಿಂದೆಯೇ ಬಾಗಿಲು ಮುಚ್ಚಿತು.

ಹೊರಗೆ ಬಂದು ನನಗೆ ನಗು ತಡೆಯಲಾಗಲಿಲ್ಲ. ಮತಗಟ್ಟೆಯ ಬಾಗಿಲಿಗೆ ಅಡ್ಡ ನಿಲ್ಲುವುದು ಯಾವ ರೂಲ್ಸಿನಲ್ಲಿದೆ ಎಂದು ಕೇಳಿದೆ. ಅತ್ತೆ ನಗಲಿಲ್ಲ. ಶಾಲೆಯ ಮೋಟುಗೋಡೆಯ ಮೇಲೆ ಕೂತರು.

"ಆರನೇದು ಎಲ್ಲಿ ಹೋತು ಅಂತ ಕೇಳತಿದ್ದೆಲ್ಲಾ," ಎಂದರು. "ಆ ಸಲ ನನಗ ತವರೂರಿನ ಬೂತಿಗೇ ಹಾಕಿದ್ರು. ಸ್ವಂತ ಊರಿಗೆ ಹಾಕೂದಿಲ್ಲ ಖರೆ, ಆದರ ಮ್ಯಾಲಿನವ್ರು ಕೇಳಲಿಲ್ಲ, ನಾ ಹೇಳಲಿಲ್ಲ. ಐದಕ್ಕ ಬಾಗಲಾ ಹಾಕಿಸಿದೆ. ಐದಾಗಿ ಎರಡು ನಿಮಿಷಕ್ಕ ನಮ್ಮವ್ವ ಬಂದಳು."

ಅವರ ಅವ್ವ ಎಂದರೆ ನನ್ನ ಅಜ್ಜಿ. ಹೊಲದಿಂದ ನೇರವಾಗಿ ಬಂದಿದ್ದರೆ ಹೊತ್ತಿಗೆ ಸರಿಯಾಗಿ ಮುಟ್ಟುತ್ತಿದ್ದಳಂತೆ. ಮಗಳು ಅಧಿಕಾರಿಯಾಗಿ ಕೂತಿದ್ದಾಳೆ, ಮಣ್ಣಿನ ಸೀರೆಯಲ್ಲಿ ಹೇಗೆ ಹೋಗುವುದೆಂದು ಮನೆಗೆ ಹೋಗಿ ಇಳಕಲ್ ಸೀರೆ ಉಟ್ಟು ಬಂದಿದ್ದಳು.

"ಟೈಮ್ ಆಗೈತಿ, ಒಳಗ ಬಿಡಲಿಕ್ಕೆ ಬರಂಗಿಲ್ಲ ಅಂದೆ. ಆತು ಬಿಡವಾ, ನಿನ್ನ ಕೆಲಸ ನೀ ಮಾಡು ಅಂದ್ಲು. ಹೊಳ್ಳಿ ಹೋದ್ಲು."

ಮುಂದಿನ ಚುನಾವಣೆ ಬರುವಷ್ಟರಲ್ಲಿ ಅಜ್ಜಿ ಇರಲಿಲ್ಲ. ಅದು ನನಗೂ ಗೊತ್ತಿತ್ತು. ಅವಳ ಮಣ್ಣಿಗೆ ಹೋಗಿದ್ದೆ.

ಆ ಸಲ ಯಾರು ಗೆದ್ದರು ಎಂದು ಕೇಳಿದೆ. ಕ್ಷೇತ್ರದ ಒಂದೊಂದು ಪೆಟ್ಟಿಗೆಯ ಲೆಕ್ಕವನ್ನೂ ಬಲ್ಲ ಅತ್ತೆ ತಲೆ ಅಲ್ಲಾಡಿಸಿದರು.

"ನನಗ ಗೊತ್ತಿಲ್ಲ ತಮ್ಮಾ. ನಾ ಯಾರಿಗೂ ಕೇಳಲಿಲ್ಲ."

ಇಷ್ಟು ವರ್ಷ ನಕ್ಕದ್ದಕ್ಕೆ ನನಗೆ ನಾಚಿಕೆಯಾಯಿತು. ಕೈ ಹಿಡಿದು ಎಬ್ಬಿಸಿದೆ. ಎರಡು ಹೆಜ್ಜೆ ನಡೆದು ಅತ್ತೆ ಏಳನೆಯ ಚುನಾವಣೆಯನ್ನು ಶುರುಮಾಡಿದರು. ಅದನ್ನು ಪೂರ್ತಿ ಕೇಳುವುದಕ್ಕಾಗಿ ನಾನು ದೂರದ ದಾರಿ ಹಿಡಿದೆ.