ಕೆಮ್ಮು ಸಮೇತ ಹನ್ನೆರಡು

ಕೆಮ್ಮು ಕೇಳಿಸಿದಾಗ ಕತ್ತರಿರಾಯರು ಕನ್ನಡಿ ಮುಂದೆ ನಿಂತು ಗಡ್ಡ ಹೆರೆದುಕೊಳ್ಳುತ್ತಿದ್ದರು. ಗೋಡೆಯಾಚೆ ಮೇಷ್ಟರ ಮನೆಯಲ್ಲಿ ಟೇಪ್ ರೆಕಾರ್ಡರು ಹಾಡುತ್ತಿತ್ತು. ಮೊದಲನೇ ಚರಣ ಮುಗಿದು ಎರಡನೆಯದು ಶುರುವಾಗುವ ಮುಂಚೆ ಹಾಡುವವರು ಗಂಟಲು ಸರಿಮಾಡಿಕೊಂಡು ಎರಡು ಸಲ ಕೆಮ್ಮಿದರು. ಕೆಮ್ಮು ಯಾರ ಅಪ್ಪನ ಆಸ್ತಿಯೂ ಅಲ್ಲ, ಯಾರು ಬೇಕಾದರೂ ಕೆಮ್ಮಬಹುದು. ಆದರೆ ಈ ಕೆಮ್ಮನ್ನು ರಾಯರು ಚೆನ್ನಾಗಿ ಬಲ್ಲರು. ಹತ್ತೊಂಬತ್ತು ವರ್ಷದ ಹಿಂದೆ ಅದನ್ನು ಬ್ಲೇಡಿನಿಂದ ಕತ್ತರಿಸಿ ಬಿಸಾಕಿದ್ದು ಅವರೇ. ಮಣ್ಣು ಮಾಡಿ ಬಂದ ಹೆಣ ಮನೆ ಬಾಗಿಲು ತಟ್ಟಿದ ಹಾಗಾಯಿತು. ಬ್ಲೇಡು ಜಾರಿ ಗಲ್ಲದ ಮೇಲೆ ಗೀರು ಬಿತ್ತು.

ರಾಯರ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಓದಲು ಸಿಗುತ್ತಿರಲಿಲ್ಲ. ಕ್ಯಾಸೆಟ್ ಕಂಪನಿಯ ಹಿಂದಿನ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಅವರದು ಒಂದೇ ಕೆಲಸ. ರೆಕಾರ್ಡಾದ ಹಾಡಿನ ಒಂದು ಪ್ರತಿ ತೆಗೆದುಕೊಂಡು, ಅದರಲ್ಲಿನ ಕೆಮ್ಮು, ಸೀನು, ಏದುಸಿರು, ಕುರ್ಚಿಯ ಕಿರುಗುಟ್ಟುವಿಕೆ ಎಲ್ಲವನ್ನೂ ಕತ್ತರಿಸಿ, ಮಿಕ್ಕಿದ್ದನ್ನು ಅಂಟಿಸಿ, ಹಾಡನ್ನು ತೊಳೆದ ತಟ್ಟೆಯ ಹಾಗೆ ಮಾಡಿ ಕೊಡುವುದು. ಮೂಲ ಟೇಪಿಗೆ ಅಲ್ಲಿ ‘ಹಸಿ’ ಎನ್ನುತ್ತಿದ್ದರು, ಶುದ್ಧವಾದದ್ದಕ್ಕೆ ‘ಬೆಂದದ್ದು’. ಕಂಪನಿಗೆ ಅನ್ನ ಹಾಕುತ್ತಿದ್ದದ್ದು ಒಬ್ಬರೇ ಗಾಯಕರು. ತಾವೇ ಬರೆದು, ತಾವೇ ರಾಗ ಹಾಕಿ, ತಾವೇ ಹಾಡುವವರು. ಎಲ್ಲರೂ ಅವರನ್ನು ದೊಡ್ಡವರು ಎನ್ನುತ್ತಿದ್ದರು, ಅದನ್ನೂ ಮೆಲ್ಲಗೆ ಎನ್ನುತ್ತಿದ್ದರು. ಒಂದು ಸಲ ಶ್ರುತಿ ತಪ್ಪಿದ ಪಿಟೀಲಿನವನನ್ನು ಪಿಟೀಲಿನ ಸಮೇತ ಕಿಟಕಿಯಿಂದ ಆಚೆ ದಾಟಿಸಿದ್ದರು. ನೆಲಮಹಡಿಯಾದ್ದರಿಂದ ಮುರಿದದ್ದು ಪಿಟೀಲು ಮಾತ್ರ.

ಅಂಥವರ ನೂರ ನಲವತ್ತಮೂರು ಹಾಡುಗಳಲ್ಲಿ ಹನ್ನೆರಡನ್ನು ಆರಿಸಿ ‘ಅತ್ಯುತ್ತಮ ಹಾಡುಗಳು’ ಎಂದು ಕ್ಯಾಸೆಟ್ ತರಬೇಕೆಂದು ಮ್ಯಾನೇಜರು ಮೂರು ವರ್ಷ ಗೋಗರೆದಿದ್ದರು. “ನನ್ನನ್ನ ಹನ್ನೆರಡು ತುಂಡು ಮಾಡಿ ಮಾರ್ತೀರಾ?” ಎಂದು ದೊಡ್ಡವರು ಮೂರು ವರ್ಷವೂ ಗದರಿದ್ದರು. ಕೊನೆಗೆ ಹೇಗೋ ಒಪ್ಪಿದರು. ಆರಿಸುವ ಕೆಲಸ ರಾಯರ ತಲೆಗೆ ಬಂತು. ಹಿಂದಿನ ಸಂಜೆ ಕ್ಯಾಸೆಟ್ ಅಂಗಡಿಗೆ ಬಂದಿತ್ತು, ಈ ದಿನ ಸಂಜೆ ನಾಲ್ಕಕ್ಕೆ ದೊಡ್ಡವರು ಕಂಪನಿಯ ಹಾಲಿಗೆ ಬಂದು ಎಲ್ಲರ ಎದುರು ಅದನ್ನು ಕೇಳುವವರಿದ್ದರು.

ರಾಯರು ಅರ್ಧ ಗಡ್ಡದಲ್ಲೇ ಹಿತ್ತಲಿಗೆ ಓಡಿ ಗೋಡೆಯ ಮೇಲಿಂದ ಇಣುಕಿದರು.

“ಮೇಷ್ಟ್ರೇ, ಆ ಕ್ಯಾಸೆಟ್ಟು...”

“ಅದೇ ಹೇಳ್ಬೇಕು ಅಂತಿದ್ದೆ. ಅನ್ಯಾಯ ಮಾಡಿದ್ದೀರಿ,” ಎಂದರು ಮೇಷ್ಟರು.

ರಾಯರು ಗೋಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು. “ಕೆಮ್ಮು ನಿಮಗೂ ಕೇಳಿಸ್ತಾ?”

“ಕೆಮ್ಮು ಹಾಳಾಗಿ ಹೋಗ್ಲಿ. ದೋಣಿ ಹಾಡು ಎಲ್ಲಿ? ದೋಣಿ ಹಾಡಿಲ್ಲದೆ ಅದೆಂಥಾ ಅತ್ಯುತ್ತಮ? ಸಮುದ್ರಾನ ಹನ್ನೆರಡು ಚೊಂಬಲ್ಲಿ ತುಂಬಿ, ನೋಡ್ರಪ್ಪಾ ಇದೇ ಸಮುದ್ರ ಅಂದ್ರೆ ಯಾರು ಒಪ್ತಾರೆ?”

ಒಳಗೆ ಎರಡನೇ ಹಾಡು ಶುರುವಾಯಿತು. ಅದರ ನಡುವೆ ದೊಡ್ಡವರ ದನಿ ಸ್ಪಷ್ಟವಾಗಿ, “ಎಲ್ಲಿಗೆ ಹೋದ್ಯೋ, ಇಲ್ಲಿಗೆ ಬಾ,” ಎಂದು ಪಿಟೀಲಿನವನನ್ನು ಗದರಿತು. ಮುಂದೆ ಕೇಳಲು ರಾಯರು ಅಲ್ಲಿರಲಿಲ್ಲ.

“ರೀ, ಅರ್ಧ ಗಡ್ಡ ಹಾಗೇ ಇದೆ,” ಎಂದು ಹೆಂಡತಿ ಬಾಗಿಲವರೆಗೂ ಬಂದಳು.

“ಇರ್ಲಿ ಬಿಡು. ಪೂರ್ತಿ ತಲೆಯೇ ಹೋಗೋ ದಿನ ಅರ್ಧ ಗಡ್ಡ ಯಾರು ನೋಡ್ತಾರೆ?”

ಕಂಪನಿ ತಲುಪುವಷ್ಟರಲ್ಲಿ ರಾಯರ ಅಂಗಿ ಬೆನ್ನಿಗಂಟಿತ್ತು. ಅವರ ಕೋಣೆಯ ಬಾಗಿಲಿಗೆ ಒಂದು ಹಿತ್ತಾಳೆ ಫಲಕವಿತ್ತು. ಹನ್ನೆರಡು ವರ್ಷದ ಹಿಂದೆ ಮ್ಯಾನೇಜರು ಪ್ರೀತಿಯಿಂದ ಹಾಕಿಸಿಕೊಟ್ಟದ್ದು. ಆಮೇಲೆ ಯಾರೂ ಅದನ್ನು ಮುಟ್ಟದೆ ಕಿಲುಬು ಹಿಡಿದು, ಅಕ್ಷರ ಕಾಣದಂತೆ, ಹಂಚಿನ ಹಾಗೆ ಕಪ್ಪಾಗಿತ್ತು. ಫಲಕ ಉಜ್ಜಿಸಿ ಎಂದು ರಾಯರು ವರ್ಷಕ್ಕೊಂದು ಅರ್ಜಿ ಕೊಡುತ್ತಿದ್ದರು. ಇವತ್ತು ಅದರ ಕಡೆ ನೋಡದೆ ಒಳಗೆ ನುಗ್ಗಿದರು.

ಮೇಜಿನ ಎಡಕ್ಕೆ ಹಸಿ, ಬಲಕ್ಕೆ ಬೆಂದದ್ದು. ಇಪ್ಪತ್ತೆರಡು ವರ್ಷದಿಂದ ಇದೇ ಕಾನೂನು. ಡಬ್ಬಗಳ ಮೇಲೆ ಹಾಡಿನ ಹೆಸರು ಬಿಟ್ಟರೆ ಇನ್ನೇನೂ ಇರುತ್ತಿರಲಿಲ್ಲ. ಒಂದು ಗುರುತು ಹಾಕಬಾರದೇ ಎಂದು ಯಾರಾದರೂ ಕೇಳಿದರೆ, “ದೇವರು ಎರಡು ಕೈ ಕೊಟ್ಟಿರೋವಾಗ ಪೆನ್ನು ಯಾಕೆ?” ಎನ್ನುವುದು ರಾಯರ ಜಂಬ. ಈಗ ಎಡಗಡೆಯ ಡಬ್ಬ ತೆಗೆದು ನೋಡಿದರೆ ಟೇಪಿನ ತುಂಬ ಅಂಟಿಸಿದ ಗುರುತುಗಳಿದ್ದವು. ಅಂದರೆ ಬೆಂದದ್ದು ಎಡಕ್ಕಿತ್ತು. ಬಲಗಡೆ ಇದ್ದದ್ದನ್ನು, ಅಂದರೆ ಹಸಿಯನ್ನು, ಅವರೇ ಹೊತ್ತುಕೊಂಡು ಹೋಗಿ ಪ್ರತಿ ಮಾಡಲು ಕೊಟ್ಟುಬಂದಿದ್ದರು.

“ಈ ಮೇಜು ಮುಟ್ಟಿದ್ದು ಯಾರು?”

ಬಾಗಿಲಲ್ಲಿ ಬಟ್ಟೆ ಹಿಡಿದು ನಿಂತಿದ್ದ, ತಿಂಗಳ ಹಿಂದಷ್ಟೇ ಕೆಲಸಕ್ಕೆ ಸೇರಿದ್ದ ಒರೆಸುವ ಅಕ್ಕ, “ನಾನೇ ಸಾರ್,” ಎಂದಳು. “ಸೇರಿದ ದಿನ ಧೂಳು ಒಂದು ಗೇಣಿತ್ತು. ಎಲ್ಲ ಕೆಳಗಿಳಿಸಿ, ಒರೆಸಿ, ಇದ್ದ ಹಾಗೇ ಇಟ್ಟೆ. ಬಲಗಡೆದು ಬಲಗಡೆಗೆ, ಎಡಗಡೆದು ಎಡಗಡೆಗೆ.”

“ಎಲ್ಲಿ ನಿಂತು ಇಳಿಸಿದ್ರಿ?”

“ಇಲ್ಲಿ, ಕುರ್ಚಿ ಪಕ್ಕ.”

“ಎಲ್ಲಿ ನಿಂತು ಇಟ್ರಿ?”

ಅಕ್ಕ ಮೇಜನ್ನು ಸುತ್ತಿಕೊಂಡು ಎದುರಿಗೆ ಹೋಗಿ ನಿಂತಳು. “ಇಲ್ಲಿ. ಆ ಕಡೆ ನೆಲ ಒದ್ದೆ ಇತ್ತಲ್ಲ.”

ಯಾರನ್ನು ಬೈಯುವುದು? ರಾಯರು ತಲೆ ಮೇಲೆ ಕೈಹೊತ್ತು ಕೂತರು. ನಿವೃತ್ತಿಗೆ ಇನ್ನೆರಡು ವರ್ಷ ಇತ್ತು. ಕೆಲಸ ಹೋಗುವುದು ಒತ್ತಟ್ಟಿಗಿರಲಿ, ದೊಡ್ಡವರ ಎದುರು ನಿಲ್ಲಬೇಕಲ್ಲ. ಪಿಟೀಲಿನವನು ಹಾರಿದ್ದು ನೆಲಮಹಡಿಯಿಂದ, ಈ ಕೋಣೆ, ಹಾಲು ಎರಡೂ ಇದ್ದದ್ದು ಎರಡನೇ ಮಹಡಿಯಲ್ಲಿ. ಅಕ್ಕನಿಗೂ ವಿಷಯ ಅರ್ಥವಾಗಿ ಅವಳ ಮುಖ ಸಣ್ಣದಾಯಿತು.

“ನನ್ನಿಂದ ಏನಾದ್ರೂ ಆಗ್ಬೇಕಾ ಸಾರ್?”

“ಆಗಿದ್ದು ಸಾಕು ತಾಯಿ. ಈ ಕೋಣೆ ಒಳಗೆ ಮಾತ್ರ ಬರಬೇಡಿ. ಹೊರಗಡೆ ಹೋಗಿ ಏನು ಬೇಕಾದ್ರೂ ಒರೆಸ್ಕೊಳ್ಳಿ.”

ಭಯಕ್ಕೆ ಬುದ್ಧಿ ಜಾಸ್ತಿ. ಸ್ವಲ್ಪ ಹೊತ್ತಿಗೆ ರಾಯರಿಗೆ ಒಂದು ದಾರಿ ಹೊಳೆಯಿತು. ಬೆಂದ ಟೇಪುಗಳಿಂದಲೇ ಈಗ ಒಂದು ಕ್ಯಾಸೆಟ್ ತುಂಬುವುದು, ಅಂಗಡಿಯದರ ಚೀಟಿಯನ್ನೇ ಅದಕ್ಕೂ ಅಂಟಿಸುವುದು, ನಾಲ್ಕಕ್ಕೆ ಹಾಲಿನಲ್ಲಿ ಅದನ್ನು ಹಾಕುವುದು. ದೊಡ್ಡವರು ತಮ್ಮ ಕ್ಯಾಸೆಟ್ಟನ್ನು ತಾವು ಕೊಂಡು ಕೇಳುವವರಲ್ಲ. ಇವತ್ತೊಂದು ದಿನ ದಾಟಿದರೆ ಅಂಗಡಿಯಲ್ಲಿರುವುದನ್ನೆಲ್ಲ ಹೇಗಾದರೂ ವಾಪಸು ತರಿಸಬಹುದು. ಬಾಗಿಲು ಹಾಕಿಕೊಂಡು ಕೆಲಸಕ್ಕಿಳಿದರು.

ಗುಟ್ಟು ಅರ್ಧ ಗಂಟೆಯೂ ನಿಲ್ಲಲಿಲ್ಲ. ಮೊದಲು ಟೈಪಿಸ್ಟಮ್ಮ ಬಾಗಿಲು ಸರಿಸಿ ಒಳಗೆ ಬಂದಳು.

“ಅಕ್ಕ ಎಲ್ಲಾ ಹೇಳಿದ್ಲು. ಪಾಪ ನೀವು. ಹೇಗೂ ಹೊಸದಾಗಿ ತುಂಬ್ತಾ ಇದ್ದೀರಿ, ಲಾಂದ್ರದ ಹಾಡು ಒಂದು ಸೇರಿಸ್ಬಿಡಿ. ಅದಿಲ್ದೆ ಅವರಿಗೆ ನ್ಯಾಯ ಆಗಲ್ಲ.”

“ಚೀಟಿ ಮೇಲೆ ಹನ್ನೆರಡು ಹಾಡಿನ ಹೆಸರು ಅಚ್ಚಾಗಿದೆ ಕಣಮ್ಮಾ.”

“ಚೀಟಿ ಯಾರು ಓದ್ತಾರೆ?”

ಅವಳ ಹಿಂದೆಯೇ ಪ್ಯಾಕಿಂಗ್ ಅಣ್ಣ ಬಂದ. ಲಾಂದ್ರದ ಹಾಡು ಹೆಂಗಸರ ಹಾಡು, ಗಾರೆ ಕೆಲಸದ ಹಾಡು ಇಲ್ಲದಿದ್ದರೆ ದುಡಿಯುವ ಜನಕ್ಕೆ ಮೋಸ ಎಂದು ಅವನ ವಾದ. ಇಬ್ಬರೂ ರಾಯರ ತಲೆಯ ಮೇಲೆ ನಿಂತು ಜಗಳವಾಡಿದರು. ಜಗಳದ ನಡುವೆ ಟೈಪಿಸ್ಟಮ್ಮನ ಮೊಣಕೈ ತಗುಲಿ ಮೆಷಿನ್ನು ನಿಂತಿತು, ಒಂಬತ್ತನೇ ಹಾಡನ್ನು ಮೊದಲಿಂದ ತುಂಬಬೇಕಾಯಿತು.

ಆ ಹಾಡಿನ ಮೇಲೆ ರಾಯರಿಗೆ ಮೊದಲಿಂದಲೂ ಒಂದು ಅಳುಕು. ದೊಡ್ಡವರು ತಾಯಿ ಸತ್ತ ವಾರ ಬರೆದ ಹಾಡು ಅದು. ಕೊನೆಯ ಎರಡು ಸಾಲಿಗೆ ಮುಂಚೆ ಅವರು ನಿಲ್ಲಿಸಿದ್ದರು. ಮೂಗು ಒರೆಸಿಕೊಂಡಿದ್ದರು. ಆಮೇಲೆ ಒಡೆದ ದನಿಯಲ್ಲಿ ಆ ಎರಡು ಸಾಲನ್ನು ಹೇಗೋ ದಡ ಮುಟ್ಟಿಸಿದ್ದರು. ರಾಯರು ಅಂದು ಅದನ್ನೆಲ್ಲ ತೆಗೆದು, ಮೊದಲನೇ ಚರಣದ ಗಟ್ಟಿ ದನಿಯನ್ನು ತಂದು ಅಲ್ಲಿ ಅಂಟಿಸಿದ್ದರು. ಅಂಟಿಸಿದ್ದು ಯಾರಿಗೂ ಗೊತ್ತಾಗಿರಲಿಲ್ಲ. ಕತ್ತರಿಸುವ ಮುಂಚೆ ಹಸಿಯನ್ನು ನಾಲ್ಕು ಸಲ ಕೇಳಿ ತಾವೂ ಅತ್ತದ್ದು ಮಾತ್ರ ಅವರಿಗೆ ಗೊತ್ತಿತ್ತು.

ಎರಡೂ ಮುಕ್ಕಾಲಿಗೆ ಕ್ಯಾಸೆಟ್ ಸಿದ್ಧವಾಗಿ ರಾಯರ ಅಂಗಿ ಜೇಬು ಸೇರಿತು. ಬೆಳಿಗ್ಗೆಯಿಂದ ಮೊದಲ ಸಲ ಅವರು ನೆಟ್ಟಗೆ ಉಸಿರು ಬಿಟ್ಟರು. ಬಿಟ್ಟ ಉಸಿರು ಪೂರ್ತಿ ಹೊರಗೆ ಬರುವ ಮುಂಚೆ ಪ್ಯಾಕಿಂಗ್ ಅಣ್ಣ ಓಡಿಬಂದ.

“ದೊಡ್ಡವರು ಬಂದ್ಬಿಟ್ರು. ಹಾಲಲ್ಲಿ ಕೂತಿದ್ದಾರೆ. ಕೈಯಲ್ಲಿ ಕ್ಯಾಸೆಟ್ ಇದೆ.”

“ಯಾವ ಕ್ಯಾಸೆಟ್ಟು?”

“ನಮ್ಮದೇ. ಬರೋ ದಾರೀಲಿ ಅಂಗಡಿಯವನು ಹಾಕಿದ್ನಂತೆ. ರಸ್ತೇಲಿ ನಿಂತು ಪೂರ್ತಿ ಕೇಳಿದ್ರಂತೆ. ಆರಿಸಿದೋನು ಯಾರು, ಕರೀರಿ ಅಂತಿದ್ದಾರೆ.”

ಹಾಲಿಗೆ ಮೂವತ್ತು ಹೆಜ್ಜೆ. ರಾಯರು ನಡೆದರೋ, ಯಾರಾದರೂ ಎತ್ತಿಕೊಂಡು ಹೋದರೋ, ಬಾಗಿಲಲ್ಲಿ ಯಾರಿದ್ದರೋ ಅವರಿಗೇ ತಿಳಿಯದು. ಒಳಗೆ ಇಡೀ ಕಂಪನಿ ಗೋಡೆಗಂಟಿ ನಿಂತಿತ್ತು. ನಡುವೆ ಒಂದು ಕುರ್ಚಿಯಲ್ಲಿ ದೊಡ್ಡವರು ಕೂತಿದ್ದರು, ಕಣ್ಣು ಕೆಂಪಗಿತ್ತು. ಮ್ಯಾನೇಜರು ಆಗಲೇ ನಾಲ್ಕು ಹೆಜ್ಜೆ ದೂರ ಸರಿದು ಬೆರಳು ತೋರಿಸಿದರು.

“ಇವರೇ ಸಾರ್ ಆರಿಸಿದ್ದು. ಪೂರ್ತಿ ಇವರದೇ ನಿರ್ಧಾರ. ನಾನು ಕೇಳಿಯೇ ಇಲ್ಲ.”

ದೊಡ್ಡವರು ಎದ್ದರು. ಹತ್ತಿರ ಬಂದರು. ಕೈ ಎತ್ತಿದರು. ರಾಯರು ಕಣ್ಣು ಮುಚ್ಚಿ, ಕಿಟಕಿ ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ನೆನಪು ಮಾಡಿಕೊಂಡರು. ಕೈ ಹೆಗಲ ಮೇಲೆ ಬಿತ್ತು, ಅಲ್ಲೇ ನಿಂತಿತು.

“ಇಷ್ಟು ವರ್ಷ ಎಲ್ಲಿದ್ರಿ ನೀವು?” ಎಂದರು ದೊಡ್ಡವರು.

ರಾಯರು ಒಂದು ಕಣ್ಣು ತೆರೆದರು.

“ಹನ್ನೆರಡು ಹಾಡಲ್ಲಿ ಒಬ್ಬ ಮನುಷ್ಯ ಸಿಗಲ್ಲ ಅಂತ ಮೂರು ವರ್ಷ ಹಟ ಹಿಡಿದೆ. ಇವತ್ತು ರಸ್ತೇಲಿ ನಿಂತು ಕೇಳ್ತೀನಿ, ನಾನೇ ಸಿಕ್ಕಿಬಿಟ್ಟೆ. ನನ್ನ ಕೆಮ್ಮು, ನನ್ನ ಬೈಗುಳ. ಒಂಬತ್ತನೇದ್ರಲ್ಲಿ ನಾನು ಅತ್ತಿದ್ದು ಇದೆ ಕಣ್ರೀ, ಹಾಗೇ ಇದೆ. ನಮ್ಮಮ್ಮನಿಗೋಸ್ಕರ ಅತ್ತಿದ್ದು.” ದನಿ ಮತ್ತೆ ಒಡೆಯಿತು. “ನ್ಯಾಯ ಅಂದ್ರೆ ಇದು.”

ಹಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಮ್ಯಾನೇಜರು ದೂರ ಹೋಗಿದ್ದ ನಾಲ್ಕು ಹೆಜ್ಜೆ ವಾಪಸು ಬಂದು, “ನಾನು ಮೊದಲಿಂದ್ಲೂ ಹೇಳ್ತಾನೇ ಇದ್ದೆ,” ಎಂದರು. ರಾಯರ ಕಣ್ಣಲ್ಲಿ ನೀರು ಬಂತು. ಬದುಕಿದೆಯಾ ಬಡಜೀವವೇ ಎಂದುಕೊಂಡರು. ಅದಕ್ಕಿಂತ ಹೆಚ್ಚಾಗಿ, ಗಲ್ಲದ ಅರ್ಧ ಗಡ್ಡವನ್ನೂ ಮರೆತು, ಬಹಳ ಸಂತೋಷಪಟ್ಟರು.

ದೊಡ್ಡವರು ಮ್ಯಾನೇಜರ ಕಡೆ ತಿರುಗಿದರು.

“ಉಳಿದ ನೂರ ಮೂವತ್ತೊಂದು ಹಾಡಲ್ಲಿ ನಾನು ಯಾಕಿಲ್ಲ? ಮನೇಲಿ ಹಾಡೋ ಗಂಡ ಕ್ಯಾಸೆಟ್ಟಲ್ಲಿ ಯಾಕೆ ಸಿಗಲ್ಲ ಅಂತ ನನ್ನ ಹೆಂಡತಿ ಇಪ್ಪತ್ತೆರಡು ವರ್ಷದಿಂದ ಕೇಳ್ತಾಳೆ. ಮೆಷಿನ್ನು ಉಸಿರು ಹಿಡಿಯಲ್ಲ ಸಾರ್ ಅಂತ ನೀವು ಹೇಳ್ತಿದ್ರಿ. ನಂಬಿದೆ. ಇವತ್ತು ಕೇಳಿದ್ರೆ ಮೆಷಿನ್ನು ಎಲ್ಲಾ ಹಿಡಿದಿದೆ. ಅಂದ್ಮೇಲೆ ಕತ್ತರಿಸಿದೋನು ಒಬ್ಬ ಮನುಷ್ಯ. ಯಾರವನು?”

ಚಪ್ಪಾಳೆ ತಟ್ಟುತ್ತಿದ್ದ ಕೈಗಳೆಲ್ಲ ಕೆಳಗಿಳಿದವು. ಮ್ಯಾನೇಜರು ಚಾವಣಿಯನ್ನು ನೋಡಿದರು. ಟೈಪಿಸ್ಟಮ್ಮ ಉಗುರು ನೋಡಿಕೊಂಡಳು. ಪ್ಯಾಕಿಂಗ್ ಅಣ್ಣ ಬಗ್ಗಿ ಚಪ್ಪಲಿ ಸರಿಮಾಡಿಕೊಂಡ. ರಾಯರ ಜೇಬಿನಲ್ಲಿದ್ದ ಬೆಂದ ಕ್ಯಾಸೆಟ್ ಕಲ್ಲಿನ ಹಾಗೆ ಭಾರವಾಯಿತು.

“ಹೇಳಲ್ವಾ? ಬೇಡ ಬಿಡಿ.” ದೊಡ್ಡವರು ರಾಯರ ತೋಳು ಹಿಡಿದರು, ಪ್ರೀತಿಯಿಂದಲೇ ಹಿಡಿದರು, ಆದರೆ ಬಿಡಿಸಿಕೊಳ್ಳುವ ಹಾಗಿರಲಿಲ್ಲ. “ಈ ಕಂಪನೀಲಿ ಕಿವಿ ಇರೋ ಮನುಷ್ಯ ನೀವೊಬ್ರೇ. ನಾವಿಬ್ರೂ ಕೂತು ಹುಡುಕೋಣ. ಅವನು ಸಿಗಲಿ, ಆಮೇಲೆ ಏನು ಮಾಡ್ತೀನಿ ನೋಡ್ತಾ ಇರಿ. ನಿಮ್ಮ ಕೋಣೆ ಎಲ್ಲಿದೆ?”

“ಬೇಡ ಸಾರ್, ಅಲ್ಲಿ ಬಹಳ ಧೂಳು,” ಎಂದರು ರಾಯರು.

“ಧೂಳಿಗೆ ನಾನು ಹೆದರ್ತೀನಾ? ನಡೀರಿ.”

ಇಬ್ಬರೂ ವರಾಂಡಕ್ಕೆ ಬಂದರು. ಎಷ್ಟು ನಿಧಾನವಾಗಿ ನಡೆದರೂ ಮೂವತ್ತು ಹೆಜ್ಜೆ ಮೂವತ್ತೇ. ಪುಣ್ಯಕ್ಕೆ ಫಲಕ ಕಪ್ಪಾಗಿದೆ, ಬಾಗಿಲು ತೆರೆದು ಬೇಗ ಒಳಗೆ ಕೂರಿಸಿಬಿಟ್ಟರಾಯಿತು, ಅರ್ಜಿಗಳನ್ನು ಮೂಲೆಗೆ ಹಾಕಿದ ಗುಮಾಸ್ತ ನೂರು ವರ್ಷ ಬಾಳಲಿ ಎಂದು ರಾಯರು ಮನಸ್ಸಿನಲ್ಲೇ ಹರಸಿದರು. ಹತ್ತು ಹೆಜ್ಜೆ ದೂರವಿರುವಾಗ ತಲೆ ಎತ್ತಿ ನೋಡಿದರು.

ಬಾಗಿಲ ಮುಂದೆ ಒರೆಸುವ ಅಕ್ಕ ಸ್ಟೂಲು ಹಾಕಿಕೊಂಡು ನಿಂತಿದ್ದಳು. ಬೆಳಿಗ್ಗೆಯಿಂದ ಉಜ್ಜಿ ಉಜ್ಜಿ ಅವಳ ಕೈ ಹಸಿರಾಗಿತ್ತು. ಹನ್ನೆರಡು ವರ್ಷದ ಕಿಲುಬು ಹೋಗಿ ಹಿತ್ತಾಳೆ ಫಳಫಳ ಹೊಳೆಯುತ್ತಿತ್ತು.

“ನನ್ನಿಂದ ನಿಮಗೆ ತೊಂದರೆ ಆಯ್ತಲ್ಲ ಸಾರ್, ಇದಾದ್ರೂ ಮಾಡೋಣ ಅಂತ,” ಎಂದಳು ಅಕ್ಕ, ಸ್ಟೂಲಿನಿಂದ ಇಳಿದು ಪಕ್ಕಕ್ಕೆ ಸರಿಯುತ್ತ. “ಹಾಡುಗಳ ಶುದ್ಧೀಕರಣ ವಿಭಾಗ ಅಂತ ಎಷ್ಟು ಚೆನ್ನಾಗಿ ಕೆತ್ತಿದ್ದಾರೆ. ಕೆಳಗೆ ನಿಮ್ಮ ಹೆಸರೂ ಇದೆ. ಈಗ ಮೆಟ್ಟಿಲ ಹತ್ರದಿಂದ್ಲೇ ಓದ್ಬಹುದು.”

ದೊಡ್ಡವರು ಜೇಬಿನಿಂದ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡರು.