ಅಂಪೈರ್ ಹೊರಗಟ್ಟಿದ ವೀಕ್ಷಕ ವಿವರಣೆಗಾರನನ್ನು ಮರಳಿ ಕೋಣೆಗೆ ಸೇರಿಸಿಕೊಳ್ಳುವ ಬಗ್ಗೆ

ಇಂದ,
ವರ್ನನ್ ಸ್ಟುಕೆಲ್,
ಮಾಜಿ ಬೇಸ್‌ಬಾಲ್ ಆಟಗಾರ, ಹಾಲಿ ವೀಕ್ಷಕ ವಿವರಣೆಗಾರ (ಕಳೆದ ಶನಿವಾರದವರೆಗೆ),
ಹ್ಯಾಲೆಟ್ ಬೆಂಡ್, ಅಯೋವಾ.

ಗೆ,
ಶ್ರೀಮತಿ ಲೊರೇನ್ ಪೆಟ್ರಾಕ್,
ವ್ಯವಸ್ಥಾಪಕರು, ಹ್ಯಾಲೆಟ್ ಬೆಂಡ್ ರೇಡಿಯೋ ಕೇಂದ್ರ.

ವಿಷಯ: ಕೆಲಸಕ್ಕೆ ಮರಳಿ ತೆಗೆದುಕೊಳ್ಳುವಂತೆ ಕೋರಿ.
ಉಲ್ಲೇಖ: ತಾವು ಮೈಕಿಗೆ ಅಂಟಿಸಿದ ಚೀಟಿ, "ನಾಳೆಯಿಂದ ಬರಬೇಡಿ."

ಮಾನ್ಯರೇ,

೧. ಅರ್ಜಿದಾರನು ಹದಿನಾಲ್ಕು ವರ್ಷ ಊರಿನ ತಂಡದಲ್ಲಿ ಬ್ಯಾಟುಗಾರನ ಬೆನ್ನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಚೆಂಡು ಹಿಡಿದವನು. ಮಂಡಿ ಸವೆದ ಕಾರಣ ಆಟ ಬಿಟ್ಟು, ಬಾಯಿ ಸವೆಯದ ಕಾರಣ ತಮ್ಮ ಕೇಂದ್ರ ಸೇರಿದನು.

೨. ಶನಿವಾರ ಆರನೇ ಇನಿಂಗ್ಸಿನಲ್ಲಿ ಅಂಪೈರ್ ಆಟಿಸ್ ಬ್ರಾಂಡ್‌ವೋಲ್ಡ್ ಅವರು ಮೊಣಕಾಲಿಗಿಂತ ಕೆಳಗೆ ಹೋದ, ನಿಯಮದಂತೆ ಲೆಕ್ಕಕ್ಕೇ ಬಾರದ ಚೆಂಡಿಗೆ ನಮ್ಮ ಬ್ಯಾಟುಗಾರನಿಗೆ ಔಟ್ ಕೊಟ್ಟರು. ಅರ್ಜಿದಾರನು ಮೇಲ್ಮಹಡಿಯ ವಿವರಣೆ ಕೋಣೆಯ ಕಿಟಕಿ ತೆರೆದು ಅವರಿಗೆ ಕನ್ನಡಕದ ಅಂಗಡಿಯ ವಿಳಾಸ ಕೂಗಿ ಹೇಳಿದನು. ವಿಳಾಸ ಸರಿಯಾಗಿಯೇ ಇತ್ತು.

"ವರ್ನ್, ನಡಿ ಆಚೆ" ಎಂದರು ಆಟಿಸ್.

"ನಾನೀಗ ಆಟಗಾರ ಅಲ್ಲ ಕಣೋ."

"ಗೊತ್ತು. ಆದ್ರೂ ನಡಿ."

ಇಷ್ಟೂ ಪ್ರಸಾರವಾಯಿತು. ಆಟದ ದಿನಗಳಲ್ಲಿ ಆಟಿಸ್ ಅವರು ಒಂಬತ್ತು ಸಲ ಹೊರಗಟ್ಟಿದ್ದರಿಂದ, ಅರ್ಜಿದಾರನ ಕಾಲುಗಳು ಅವನನ್ನು ಕೇಳದೆಯೇ ಮೆಟ್ಟಿಲಿಳಿದವು. ಅಂಪೈರರ ಅಧಿಕಾರ ಮೇಲ್ಮಹಡಿಯವರೆಗೆ ಇದೆಯೇ ಎಂಬ ಪ್ರಶ್ನೆ ಹೊಳೆದದ್ದು ಗೇಟು ದಾಟಿದ ಮೇಲೆ. ಅಷ್ಟರಲ್ಲಿ ಕಾವಲಿನವನು ಬೀಗ ಹಾಕಿದ್ದನು.

೩. ಪ್ರಸಾರ ನಿಲ್ಲಬಾರದಾದ ಕಾರಣ, ಅರ್ಜಿದಾರನು ಬೇಲಿಯಾಚೆ ಸಾಸೇಜ್ ಮಾರುವ ಹೆಂಡತಿ ಜೋಲೀನಳ ವ್ಯಾನಿನ ನೆತ್ತಿ ಹತ್ತಿ, ಫೋನಿನಲ್ಲಿ ವಿವರಣೆ ಮುಂದುವರಿಸಿದನು. ಅಲ್ಲಿಂದ ಕಾಣುತ್ತಿದ್ದವನು ಮೈದಾನದ ಎಡತುದಿ ಕಾಯುವ ರೂಬೆನ್ ಎಸ್ಕಲಾಂಟೆ ಒಬ್ಬನೇ. ಆದ್ದರಿಂದ ಮೂರು ಇನಿಂಗ್ಸ್ ಕಾಲ ರೂಬೆನ್ ಮೂಗು ತುರಿಸಿದ್ದನ್ನೂ, ಶೂ ಲೇಸು ಕಟ್ಟಿದ್ದನ್ನೂ, ಒಂದು ಗುಬ್ಬಿಯೊಡನೆ ದೃಷ್ಟಿಯುದ್ಧ ನಡೆಸಿ ಸೋತದ್ದನ್ನೂ ಕೇಳುಗರಿಗೆ ತಿಳಿಸಲಾಯಿತು. ಮೂವತ್ನಾಲ್ಕರ ರೂಬೆನ್‌ನನ್ನು ಆ ಸಂಜೆಯೇ ತಂಡದಿಂದ ಕೈಬಿಡುವುದೆಂದು ತೀರ್ಮಾನವಾಗಿದ್ದುದು ಅರ್ಜಿದಾರನಿಗೆ ಗೊತ್ತಿತ್ತು. ಅದನ್ನು ಮಾತ್ರ ತಿಳಿಸಲಿಲ್ಲ.

೪. ಕೊನೆಯ ಚೆಂಡಿಗೆ ಮುನ್ನ "ರೂಬೆನ್ ತೀರಾ ಮುಂದೆ ನಿಂತಿದಾನೆ" ಎಂದು ಅರ್ಜಿದಾರನು ಹೇಳಿದ್ದು ನಿಜ. ವ್ಯಾನಿನ ರೇಡಿಯೋ ಜೋರಾಗಿದ್ದುದೂ ನಿಜ. ರೂಬೆನ್ ಹತ್ತು ಹೆಜ್ಜೆ ಹಿಂದೆ ಸರಿದನು, ಚೆಂಡು ನೇರ ಅವನ ಗ್ಲೌಸಿಗೆ ಬಿತ್ತು, ನಾವು ಗೆದ್ದೆವು. ಕೈಬಿಡಬೇಕಾದವನನ್ನು ಹೆಗಲ ಮೇಲೆ ಹೊತ್ತರು. ಆಟಗಾರನಿಗೆ ಹೊರಗಿನಿಂದ ಸೂಚನೆ ಹೋಯಿತೆಂದು ಎದುರಾಳಿಗಳು ದೂರು ಕೊಟ್ಟರು, ತಾವು ಚೀಟಿ ಅಂಟಿಸಿದಿರಿ.

೫. ನಿನ್ನೆಯ ವಿಚಾರಣೆಯಲ್ಲಿ ಆಟಿಸ್ ಅವರೇ ಎದ್ದುನಿಂತು, ಹೊರಗಟ್ಟಿದವನು ಹೊರಗೇ ಇದ್ದನೆಂದೂ ಬೇಲಿಯಾಚೆಯ ಮಾತಿಗೆ ನಿಯಮವಿಲ್ಲವೆಂದೂ ಹೇಳಿ, ದೂರು ವಜಾ ಆಗುವಂತೆ ಮಾಡಿದರು. ಆಮೇಲೆ ಅರ್ಜಿದಾರನ ಕಿವಿಯಲ್ಲಿ, "ಆ ಚೆಂಡು ಮೊಣಕಾಲಿಗಿಂತ ಕೆಳಗೇ ಇತ್ತು. ಯಾರಿಗೂ ಹೇಳ್ಬೇಡ" ಎಂದರು. ಆದ್ದರಿಂದ ತಮಗೊಬ್ಬರಿಗೇ ತಿಳಿಸಲಾಗಿದೆ.

ಮೇಲ್ಕಂಡ ಕಾರಣಗಳಿಂದಲೂ, ಅರ್ಜಿದಾರನಿಗೆ ಬೇರಾವ ಕಸುಬೂ ಬಾರದ ಕಾರಣದಿಂದಲೂ, ಅವನನ್ನು ಕೆಲಸಕ್ಕೆ ಮರಳಿ ತೆಗೆದುಕೊಳ್ಳಬೇಕಾಗಿ ಪ್ರಾರ್ಥನೆ.

ಸದ್ಯಕ್ಕೆ ವ್ಯಾನಿನ ಮೇಲಿರುವ ತಮ್ಮ ವಿಶ್ವಾಸಿ,
ವರ್ನನ್ ಸ್ಟುಕೆಲ್

ಲಗತ್ತುಗಳು:
ಕೇಳುಗರ ನಲವತ್ತು ಪತ್ರಗಳು (ಮೂವತ್ತೊಂಬತ್ತರಲ್ಲಿ ಗುಬ್ಬಿಯ ಯೋಗಕ್ಷೇಮ ವಿಚಾರಿಸಲಾಗಿದೆ).
ವ್ಯಾನಿನ ನೆತ್ತಿ ತಗ್ಗಾದ ಬಗ್ಗೆ ಜೋಲೀನಳ ಹೇಳಿಕೆ, ಬೈಗುಳ ತೆಗೆದ ಪ್ರತಿ.

ವಿ.ಸೂ.: ಆಟಿಸ್ ಅವರು ಈ ತಿಂಗಳು ನಿವೃತ್ತರಾಗಿ, ವಿವರಣೆ ಕೆಲಸಕ್ಕೆ ತಮ್ಮಲ್ಲಿ ಅರ್ಜಿ ಹಾಕಿದ್ದಾರೆಂದು ತಿಳಿದುಬಂದಿದೆ. ಪಕ್ಕದ ಕುರ್ಚಿಯನ್ನು ಅವರಿಗೇ ಕೊಡಬಹುದು, ತಕರಾರಿಲ್ಲ. ಆದರೆ ಅವರನ್ನು ಒಂದೇ ಒಂದು ಸಲ ಕೋಣೆಯಿಂದ ಹೊರಗಟ್ಟಲು ಅರ್ಜಿದಾರನಿಗೆ ಲಿಖಿತ ಅನುಮತಿ ದಯಪಾಲಿಸಬೇಕು.