ಸೊಂಟದ ಖಾನೆಯಲ್ಲಿ ಏನು ಬೇಕಾದರೂ

ಭಾವ: ಅಲ್ಲಮ್ಮಾ, ಸೊಂಟದ ಅಳತೆ ಕೇಳಿದ ಕಡೆ ಯಾರೋ ತಾಯಿ ಹನ್ನೊಂದಕ್ಕೆ ಮೊದಲೇ ಬಂದು "ಅಣ್ಣನಷ್ಟೇ" ಅಂತ ಬರೆದಿದಾರೆ. ಆರ್ಡರ್ ತಗೊಳ್ಳೋ ನಿನ್ನ ಸರ್ವರ್ರು ತುಟಿ ಪಿಟಕ್ಕನ್ನದೆ ತಗೊಂಡಿದೆ!

ನಾದಿನಿ: ಈ ಕಂಪ್ಯೂಟರ್ ಭಾಷೆ ಹಾಗೇ ಭಾವ. ಇದು ಅಂಕಿ ಡಬ್ಬಿ, ಇದು ಅಕ್ಷರದ ಡಬ್ಬಿ ಅಂತ ಮೊದಲೇ ಚೀಟಿ ಅಂಟಿಸಬೇಕಾಗಿಲ್ಲ. ಅದಕ್ಕೇ ನಾಲ್ಕು ದಿನದಲ್ಲಿ ಬರೆದು ಮುಗಿಸಿದ್ದು.

ಭಾವ: ಅವಸರದ ಹೊಲಿಗೆ ಕೂತ್ರೆ ಬಿಚ್ಚುತ್ತೆ.

ಭಾವ ದರ್ಜಿ, ಅಕ್ಕ ಬಟ್ಟೆ ಕತ್ತರಿಸುವವಳು, ನಾದಿನಿ ಕಂಪ್ಯೂಟರಿನವಳು. ಹನ್ನೊಂದಕ್ಕೆ ಶಾಲೆಯ ಮುನ್ನೂರು ಮನೆಯವರು ಸಮವಸ್ತ್ರಕ್ಕೆ ಒಟ್ಟಿಗೆ ಆರ್ಡರ್ ಹಾಕುವವರಿದ್ದರು. ಹೋದ ವರ್ಷ ಫೋನಿನಲ್ಲಿ ಆರ್ಡರ್ ಹಿಡಿದಾಗ ಆದ ರಂಪ ನೋಡಿ ಮುಖ್ಯೋಪಾಧ್ಯಾಯಿನಿ ಹೇಳಿಬಿಟ್ಟಿದ್ದರು: ಈ ಸಲವೂ ಎಡವಿದರೆ ಕೆಲಸ ಎದುರಂಗಡಿಗೆ. ಈಗ ಗಂಟೆ ಹತ್ತೂವರೆ.

ಭಾವ: ಮುನ್ನೂರು ಜನ ಒಟ್ಟಿಗೆ ನುಗ್ಗಿದ್ರೆ? ಇರೋದು ಒಂದೇ ಸರ್ವರ್ರು.

ನಾದಿನಿ: ಇಸ್ತ್ರಿಪೆಟ್ಟಿಗೆ ಬಿಸಿ ಆಗೋವರೆಗೂ ನೀವು ಕೈ ಕಟ್ಕೊಂಡು ಕೂರ್ತೀರಾ?

ಭಾವ: ನನಗೇನು ಹುಚ್ಚಾ? ಗುಂಡಿ ಹಾಕ್ತಿರ್ತೀನಿ.

ನಾದಿನಿ: ಇದೂ ಅಷ್ಟೇ. ಒಬ್ಬರು ಬರೆದು ಮುಗಿಸೋದ್ರೊಳಗೆ ಇನ್ನೊಬ್ಬರ ಆರ್ಡರ್ ಹಿಡ್ಕೊಳ್ಳುತ್ತೆ.

ಭಾವ: ಅದು ಸರಿ. ಆದ್ರೆ "ಅಣ್ಣನಷ್ಟೇ"ಗೆ ಎರಡಿಂಚು ಒಳಮಡಿಕೆ ಕೂಡ್ಸು, ನೋಡೋಣ.

ಅವಳು ಗುಂಡಿ ಒತ್ತಿದಳು. ಪರದೆ ಕೆಂಪಾಯಿತು.

ನಾದಿನಿ: ಕೂಡಲ್ಲ ಅಂತಿದೆ. ಆ ಒಂದು ಆರ್ಡರ್ ಮಾತ್ರ ಕೆಟ್ಟಿತು ಭಾವ, ಸರ್ವರ್ರು ನಡೀತಾನೇ ಇದೆ.

ಭಾವ: ಆ ಒಬ್ಬರೇ ಹೋಗಿ ಮುಖ್ಯೋಪಾಧ್ಯಾಯಿನಿ ಕಿವಿ ಕಚ್ಚಿದ್ರೆ? ಬಾಗಿಲಲ್ಲೇ ತಡಿ! ಅಂಕಿ ಬಿಟ್ಟು ನರಪಿಳ್ಳೆನೂ ಒಳಗೆ ಬರಬಾರದು.

ನಾದಿನಿ: ಅದಕ್ಕೂ ಎರಡೇ ಸಾಲು.

ಬರೆದೇಬಿಟ್ಟಳು. ಹನ್ನೊಂದಾಯಿತು. ಆರ್ಡರುಗಳು ದಬದಬನೆ ಬಂದವು. ಆ ತಾಯಿ ಮತ್ತೆ "ಅಣ್ಣನಷ್ಟೇ" ಅಂದರು, ಬಾಗಿಲಲ್ಲಿ ತಡೆಸಿಕೊಂಡು ಅಂಕಿ ಹಾಕಿದರು. ಹತ್ತು ನಿಮಿಷದಲ್ಲಿ ಮುನ್ನೂರೂ ಮುಗಿದವು, ಒಂದೂ ತಪ್ಪಿಸಿಕೊಳ್ಳಲಿಲ್ಲ. ಭಾವನ ಮುಖ ಊರಗಲವಾಯಿತು.

ಭಾವ: ನೀನು ನಾದಿನಿ ಅಲ್ಲ ಕಣಮ್ಮ, ನನ್ನ ಬಲಗೈ! ತಾಳು, ನನಗೂ ಒಂದು ಪ್ಯಾಂಟು. ಸೊಂಟ... ಮೂವತ್ನಾಲ್ಕು. ನೋಡು, "ಸ್ವೀಕರಿಸಲಾಗಿದೆ"! ಇನ್ನು ಒಂದೇ ಒಂದು ತಪ್ಪೂ ಒಳಗೆ ನುಸುಳಲ್ಲ.

ಬಟ್ಟೆ ಕತ್ತರಿಸುತ್ತಿದ್ದ ಅಕ್ಕ ಪರದೆಯತ್ತ ಬಗ್ಗಿ ನೋಡಿದಳು. ಬಂದು ಗಂಡನ ಸೊಂಟಕ್ಕೆ ಟೇಪು ಸುತ್ತಿದಳು.

ಅಕ್ಕ: ಮೂವತ್ತೊಂಬತ್ತು! ಪಾಪ, ಆ ತಾಯಿ ನಿಜ ಬರೆದ್ರು, ಅವರನ್ನ ಬಾಗಿಲಲ್ಲೇ ತಡೆದ್ರಿ. ನಿಮ್ಮ ಸುಳ್ಳು ಅಂಕಿ ವೇಷ ಹಾಕ್ಕೊಂಡು ಠೀವಿಯಿಂದ ಒಳಗೆ ಬಂತು.

ನಾದಿನಿ: ಇಂಥದನ್ನ ಹಿಡಿಯೋ ಭಾಷೆ ಇನ್ನೂ ಹುಟ್ಟಿಲ್ಲ ಅಕ್ಕ.

ಅಕ್ಕ: ಅದಕ್ಕೇ ಕಣೆ, ಮದುವೆ ಅಂತ ಒಂದು ಮಾಡಿರೋದು.